ಅಡಿಕೆ ಸುಲಿದ ಮಕ್ಕಳು

ದೀಪಾವಳಿಯ ಬಲಿಪಾಡ್ಯಮಿಯಂದು ನಮ್ಮ ಕಡೆ ದನಗಳ ಕೊರಳಿಗೆ ಅಡಿಕೆ ಸರ ಕಟ್ಟಿ ಬಯಲಿಗೆ ಬಿಡುತ್ತಾರೆ. ಊರ ಹುಡುಗರು ಬೆನ್ನಟ್ಟಿ ಹೋಗಿ ಆ ಸರ ಹರಿದುಕೊಳ್ಳುತ್ತಾರೆ. ಸಾಗರ, ಸೊರಬ, ಸಿದ್ದಾಪುರ, ಶಿರಸಿಯ ಸೀಮೆಯಲ್ಲಿ ಈ ದೊಡ್ಡಹಬ್ಬ ದಾಟಿತೆಂದರೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಯ ಕೊಯ್ಲು, ಬಂತೆಂದೇ ಲೆಕ್ಕ. ಅಲ್ಲಿಂದ ಮುಂದೆ ಪುಷ್ಯ, ಮಾಘದ ಚಳಿ ಇಳಿಯುವ ತನಕ ಮನೆಯ ಯಜಮಾನಿಕೆ ಅಡಿಕೆಯದು. ಊಟ ಎಷ್ಟು ಹೊತ್ತಿಗೆ, ಹಾಸಿಗೆ ಎಲ್ಲಿ, ಮಕ್ಕಳು ಓದಲು ಯಾವ ಮೂಲೆ, ಯಾರ ಪಕ್ಕ ಯಾರು ಕೂರಬೇಕು, ಎಲ್ಲವೂ ಆ ದಿನ ತೋಟದಿಂದ ಎಷ್ಟು ಕೊನೆ ಬಂತು ಎಂಬುದನ್ನೇ ನೋಡಿಕೊಂಡು ನಡೆಯುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಸಾಗರ ತಾಲೂಕಿನ ತೋಟದ ಮನೆಯಲ್ಲಿ, 1960–70ರ ದಶಕಗಳಲ್ಲಿ. ಮದುವೆಯಾಗಿ ಸೇರಿದ್ದು ಸಿದ್ದಾಪುರದ ಕಡೆಯ ಇನ್ನೊಂದು ತೋಟದ ಮನೆ. ಎರಡೂ ಕಡೆ ಚಳಿಗಾಲವೆಂದರೆ ಅಡಿಕೆ ಸುಲಿಯುವ ರಾತ್ರಿಗಳೇ. ಮಲೆನಾಡಿನ ಇತಿಹಾಸವನ್ನು ಕೆಳದಿಯ ಅರಸರಿಂದ, ಶರಾವತಿಯ ಅಣೆಕಟ್ಟಿನಿಂದ, ರೈತ ಹೋರಾಟಗಳಿಂದ ಬರೆದಿದ್ದಾರೆ; ಬರೆಯಲೇಬೇಕಾದದ್ದು. ಆದರೆ ಇಲ್ಲಿನ ಮಕ್ಕಳು ಹೇಗೆ ದೊಡ್ಡವರಾದರು ಎಂದು ಯಾರಾದರೂ ಕೇಳಿದರೆ ನಾನು ಅವರನ್ನು ಸುಲಿಯುವ ಜಗಲಿಗೇ ಕರೆದೊಯ್ಯುತ್ತೇನೆ. ಏಳು ವರ್ಷದ ಹುಡುಗಿ, ಹದಿನಾರರ ಅಣ್ಣ, ಎಪ್ಪತ್ತರ ಅಜ್ಜಿ ಒಂದೇ ಬೆಳಕಿನಡಿ ಕೂತು ಒಂದೇ ಕೆಲಸಕ್ಕೆ ಕೈ ಹಾಕುತ್ತಿದ್ದದ್ದು ಅಲ್ಲಿ. ವರ್ಷದ ಬೇರೆ ಯಾವ ಕಾಲದಲ್ಲೂ ಹಾಗೆ ಸೇರಿದ್ದನ್ನು ನಾನು ಕಾಣೆ.

ರಾತ್ರಿಯೇ ಏಕೆ ಎಂಬುದಕ್ಕೆ ಕಾರಣ ಅಡಿಕೆಯಲ್ಲೇ ಇದೆ. ಕರಾವಳಿಯಲ್ಲಿ ಕಾಯನ್ನು ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಅಂಗಳದಲ್ಲಿ ಸುಮಾರು ನಲವತ್ತು ದಿನ ಒಣಗಿಸಿ, ಆಮೇಲೆ ಬಿಡುವು ನೋಡಿ ಸುಲಿಯುತ್ತಾರೆ. ಅದು ಚಾಲಿ. ಘಟ್ಟದ ಮೇಲಿನ ಕೆಂಪಡಿಕೆ ಅಷ್ಟು ದಿನ ಕಾಯುವುದಿಲ್ಲ. ಕಾಯಿ ಹಸಿರಿರುವಾಗಲೇ ಕೊಯ್ಯಬೇಕು. ಕೊಯ್ದದ್ದನ್ನು ರಾಶಿಯಲ್ಲಿ ಕೊಳೆಯಲು ಬಿಡದೆ ಸುಲಿದು, ಬೇಯಿಸಿ, ಒಣಹಾಕಬೇಕು. ಹಗಲು ಕೊನೆಗೌಡ ಮರದ ತಲೆಯಿಂದ ಪಕ್ಕದ ಮರದ ತಲೆಗೆ ಬಾಗಿ ದಾಟುತ್ತ ಕೊಯ್ಯುತ್ತಾನೆ, ಕೆಳಗೆ ಹಗ್ಗ ಹಿಡಿದವನ ಕಡೆಗೆ ಕೊನೆ ಜಾರಿ ಬರುತ್ತದೆ, ಹೊರುವವರು ಮನೆಗೆ ಹೊರುತ್ತಾರೆ. ಮರುದಿನ ಬೆಳಗಾಗುವ ಮುಂಚೆ ಹಂಡೆಯ ಕೆಳಗೆ ಬೆಂಕಿ ಏಳಬೇಕು, ಬೆಂದದ್ದು ಬಿಸಿಲು ಇರುವಾಗಲೇ ಚಪ್ಪರದ ತಟ್ಟಿಗೆ ಬೀಳಬೇಕು. ಇವೆರಡರ ನಡುವೆ ಉಳಿಯುವುದು ರಾತ್ರಿಯೊಂದೇ.

ಈ ದುಡಿಮೆ ಬಹಳ ಹಿಂದಿನದು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ‘ಶಿಸ್ತು’ ಎಂಬ ಕಂದಾಯ ಪದ್ಧತಿ ತಂದಾಗ ಅಡಿಕೆ ತೋಟಕ್ಕೆ ತೆರಿಗೆ ಹಾಕಿದ್ದು ಮರ ಎಣಿಸಿ, ಸಾವಿರ ಮರಕ್ಕೆ ಇಷ್ಟೆಂದು. 1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್, ಹೈಗ ಬ್ರಾಹ್ಮಣರು ತಮ್ಮ ತೋಟದ ಕೆಲಸವನ್ನು ತಾವೇ ಮಾಡುವುದನ್ನು ಬರೆದಿಟ್ಟ. ಅವನನ್ನು ಕಳಿಸಿದ ಕಂಪನಿ ಸರ್ಕಾರಕ್ಕೆ ಬೇಕಾದದ್ದು ಬೆಳೆ, ವ್ಯಾಪಾರ, ಆದಾಯ. ಮುಂದೆ ಉತ್ತರ ಕನ್ನಡದ ತೋಟಿಗರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಸಿಕ್ಕಿತು. ತೋಟಕ್ಕೆ ಸೊಪ್ಪು, ದರಕು, ಹಂಡೆಯ ಒಲೆಗೆ ಸೌದೆ ಬಂದದ್ದು ಅಲ್ಲಿಂದ. ಸರ್ಕಾರದ ಕಾಗದದಲ್ಲಿ ಮರ ಇದೆ, ಬೆಟ್ಟ ಇದೆ. ಕಾಯಿ ಸುಲಿದ ಕೈಗಳು ಇಲ್ಲ. ಮರಕ್ಕೆ ಎರಡು ಕೊನೆ, ಕೊನೆಗೆ ನೂರೈವತ್ತು ಕಾಯಿ ಎಂದು ಹಿಡಿದರೂ ಸಾವಿರ ಮರದ ತೋಟದಲ್ಲಿ ಮೂರು ಲಕ್ಷ ಕಾಯಿ ಒಂದೊಂದಾಗಿ ಯಾರದೋ ಬೆರಳಿನ ನಡುವೆ ಹಾದುಹೋಗಬೇಕು. ಹೆಂಗಸರೂ ಮಕ್ಕಳೂ ಕೂರದೆ ಅದು ಮುಗಿಯುವ ಕೆಲಸವಲ್ಲ. ಶಿಸ್ತಿನ ಕಾಲದಲ್ಲೂ ಹಾಗೇ ಇದ್ದಿರಬೇಕು.

ಮಕ್ಕಳ ಕೆಲಸಕ್ಕೆ ವಯಸ್ಸಿನ ಕ್ರಮವಿತ್ತು, ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಐದಾರು ವರ್ಷಕ್ಕೆ ಹೆಕ್ಕುವುದು. ಕೊನೆ ಇಳಿಯುವಾಗ ಸಿಡಿದು ಬಿದ್ದ ಕಾಯನ್ನು ಬಸಿಗಾಲುವೆಯಿಂದ, ಬಾಳೆಯ ಬುಡದಿಂದ, ದರಕಿನ ಅಡಿಯಿಂದ ಹುಡುಕಿ ತೆಗೆಯಬೇಕು. ಇಬ್ಬನಿ ಕುಡಿದ ಹುಲ್ಲು, ಕಾಲುವೆಯ ಕೊರೆಯುವ ನೀರು, ಬೆರಳು ಮರಗಟ್ಟಿ ಕಾಯಿ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಆದರೆ ಕೊಯ್ಲು ಪೂರ್ತಿ ಮುಗಿದ ಮೇಲೆ ಸಿಕ್ಕಿದ ಕಾಯಿ ಹೆಕ್ಕಿದವರಿಗೇ. ನಮ್ಮ ಮನೆಯಲ್ಲಿ ಅಜ್ಜ ಅದನ್ನು ಬೇರೆ ಚೀಲದಲ್ಲಿ ಒಣಗಿಸಿಟ್ಟು ಮಾರಿ, ದುಡ್ಡನ್ನು ನಮ್ಮ ಕೈಗೇ ಎಣಿಸಿ ಕೊಡುತ್ತಿದ್ದ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ, ಎರಡೂ ಈ ಚಳಿಗಾಲದ ಬೆನ್ನಿಗೇ ಬರುವಂಥವು. ತೊಟ್ಟಿಲು ಹತ್ತಲು, ಬಳೆ ಕೊಳ್ಳಲು ಆ ಹೆಕ್ಕಿದ ದುಡ್ಡು. ಮಕ್ಕಳಿಗೆ ಸ್ವಂತ ದುಡ್ಡು ಎಂಬುದು ನಮ್ಮ ಸೀಮೆಯಲ್ಲಿ ಬಂದದ್ದೇ ಹೀಗೆ.

ಎಂಟು ಒಂಬತ್ತಕ್ಕೆ ಕೊನೆಯಿಂದ ಕಾಯಿ ಬಿಡಿಸುವುದು, ಸುಲಿಯುವವರ ಮುಂದೆ ಬುಟ್ಟಿ ಸುರಿಯುವುದು, ಸಿಪ್ಪೆ ಎತ್ತಿ ಹೊರಗೆ ಹಾಕುವುದು. ಹತ್ತು ದಾಟಿದ ಮೇಲೆ ಮೆಟ್ಟುಗತ್ತಿ.

ಮೆಟ್ಟುಗತ್ತಿ ಎಂದರೆ ಒಂದು ಮಣೆ, ಅದಕ್ಕೆ ನೆಟ್ಟಗೆ ಕೂರಿಸಿದ ಅಲಗು. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದರೆ ಎರಡೂ ಕೈಗೆ ಬಿಡುವು. ಕಾಯನ್ನು ಅಲಗಿಗೆ ಒತ್ತಿ ಒಂದು ಸೀಳು, ತಿರುಗಿಸಿ ಇನ್ನೊಂದು, ಹೆಬ್ಬೆರಳಿನಿಂದ ಸಿಪ್ಪೆ ಬಿಚ್ಚಿದರೆ ಅಡಿಕೆ ಡಬ್ಬಕ್ಕೆ. ಬೆಟ್ಟೆ ಎಂಬ ಬಗೆಯಾದರೆ ಅಡಿಕೆಯನ್ನೇ ಎರಡು ಹೋಳು ಮಾಡಬೇಕು. ಪಳಗಿದ ಹೆಂಗಸರ ಕೈ ನೋಡಿದರೆ ಸೀಳಿದ್ದು ಯಾವಾಗ, ತಿರುಗಿಸಿದ್ದು ಯಾವಾಗ ಎಂದು ತಿಳಿಯುವುದಿಲ್ಲ. ಅವರು ಅಲಗು ನೋಡುವುದೂ ಇಲ್ಲ, ಎದುರು ಕೂತವರ ಮುಖ ನೋಡಿಕೊಂಡು ಮಾತಾಡುತ್ತ ಸುಲಿಯುತ್ತಾರೆ. ಕಲಿಯುವ ಮಕ್ಕಳ ಹೆಬ್ಬೆರಳಿಗೆ ಅಜ್ಜಿ ಹಳೆಯ ಪಂಚೆಯ ತುಂಡು ಸುತ್ತಿ ಕಟ್ಟುತ್ತಿದ್ದಳು. ಗಾಯವಾಗದೆ ಕಲಿತವರಿಲ್ಲ. ಇನ್ನು ಹಸಿ ಅಡಿಕೆಯ ಚೊಗರು ಕೈಗೆ ಹತ್ತಿದರೆ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಹುಣಸೆ, ನಿಂಬೆ ಏನು ತಿಕ್ಕಿದರೂ ಚಳಿಗಾಲ ಮುಗಿಯುವ ತನಕ ಬಿಡದು. ಹೈಸ್ಕೂಲಿನಲ್ಲಿ ತೋಟದ ಮನೆಯ ಹುಡುಗಿಯರನ್ನು ಪೇಟೆಯ ಹುಡುಗಿಯರಿಂದ ಬೇರ್ಪಡಿಸಿ ತೋರಿಸುತ್ತಿದ್ದದ್ದು ಈ ಕೈ. ನನ್ನಕ್ಕ ಹದಿನೈದರ ವಯಸ್ಸಿಗೆ ಬೆಂಚಿನ ಕೆಳಗೆ ಕೈ ಇಟ್ಟುಕೊಂಡೇ ಪಾಠ ಕೇಳುತ್ತಿದ್ದಳು. ನಾನು ಹಾಗೆ ಮಾಡಲಿಲ್ಲ. ಆ ಕರೆಯಲ್ಲಿ ನನ್ನ ಲೆಕ್ಕದ ಡಬ್ಬಗಳಿದ್ದವು.

ಹುಡುಗರ ದಾರಿ ಹದಿಮೂರು ಹದಿನಾಲ್ಕರ ಹೊತ್ತಿಗೆ ಬೇರೆಯಾಗುತ್ತಿತ್ತು. ಹಗಲು ಶಾಲೆಗೆ ರಜೆ ಇದ್ದರೆ ಕೊನೆಗೌಡನ ಹಗ್ಗ ಹಿಡಿಯುವುದು, ಕೊನೆ ಹೊರುವುದು. ರಾತ್ರಿ ಗ್ಯಾಸ್‌ಲೈಟಿಗೆ ಗಾಳಿ ಹೊಡೆಯುವುದು. ಈ ಗಾಳಿ ಹೊಡೆಯುವ ಅಧಿಕಾರಕ್ಕೆ ದೊಡ್ಡ ಮರ್ಯಾದೆ. ಮ್ಯಾಂಟಲನ್ನು ಬೂದಿಯಾಗಿ ಉದುರಿಸಿದವನಿಗೆ ಆ ಚಳಿಗಾಲವಿಡೀ ಪಂಪು ಮುಟ್ಟಲು ಬಿಡುತ್ತಿರಲಿಲ್ಲ. ಹದಿನಾರು ತುಂಬಿದರೆ ಬೆಳಗಿನ ಜಾವ ಅಪ್ಪನ ಜೊತೆ ಹಂಡೆಯ ಬುಡದಲ್ಲಿ ನಿಲ್ಲಬಹುದು. ಹಿಂದಿನ ವರ್ಷ ಅಡಿಕೆ ಬೇಯಿಸಿ ಉಳಿದ ಚೊಗರನ್ನು ಎಷ್ಟು ಬೆರೆಸಬೇಕು, ಅಡಿಕೆಯ ಒಳಗು ಬೆಂದಿತೇ ಎಂದು ಹೇಗೆ ನೋಡಬೇಕು, ಯಾವ ಬಣ್ಣಕ್ಕೆ ಎತ್ತಬೇಕು ಎಂಬುದನ್ನು ಅಪ್ಪಂದಿರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವ ಕಣ್ಣು ಬಂದರೆ ಹುಡುಗ ಗಂಡಸಾದ ಹಾಗೆ. ಹುಡುಗಿಯರಿಗೆ ಹಂಡೆಯ ಹತ್ತಿರ ಈ ಪಾಠ ಇರಲಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ವಿಷಯ. ಆದರೂ ವಿಂಗಡಿಸುವುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಎಲ್ಲ ಕಾಯೂ ನಮ್ಮ ಕೈಯಲ್ಲೇ ಬಿಚ್ಚಿಕೊಂಡದ್ದು.

ಗ್ಯಾಸ್‌ಲೈಟು ಎಂದೆನಲ್ಲ, ಆ ಬೆಳಕಿಗೂ ಒಂದು ಕಥೆ ಇದೆ. ಜೋಗದ ನೀರಿನಿಂದ 1948ರಲ್ಲೇ ವಿದ್ಯುತ್ ತೆಗೆದರು. 1964ರಲ್ಲಿ ಲಿಂಗನಮಕ್ಕಿ ಕಟ್ಟು ಮುಗಿದು ಸಾಗರ, ಹೊಸನಗರ ತಾಲೂಕಿನ ಎಷ್ಟೋ ಊರು, ಗದ್ದೆ, ತೋಟ ಶರಾವತಿಯ ಹಿನ್ನೀರಿಗೆ ಹೋದವು. ತಂತಿ ನಮ್ಮ ಗುಡ್ಡದ ನೆತ್ತಿಯ ಮೇಲೇ ಹಾದು ದೂರದ ಊರುಗಳಿಗೆ ಹೋಯಿತು. ನಮ್ಮ ಜಗಲಿಗೆ ಬಲ್ಬು ಬಂದದ್ದು 1980ರ ದಶಕದಲ್ಲಿ. ಅಲ್ಲಿಯವರೆಗೆ ಕೂಪನ್ನಿನ ಸೀಮೆಎಣ್ಣೆ, ಲಾಟೀನು, ಕೆಲಸ ಹೆಚ್ಚಿದ್ದ ರಾತ್ರಿ ಮಾತ್ರ ಗ್ಯಾಸ್‌ಲೈಟು. ಮುಳುಗಡೆಯಾದ ಊರಿನಿಂದ ಬಂದ ನನ್ನ ಸೋದರತ್ತೆಯ ಸಂಸಾರ ನಮ್ಮಲ್ಲೇ ಒಂದು ಚಳಿಗಾಲ ಕಳೆಯಿತು. ಅತ್ತೆ ಸುಲಿಯುತ್ತ ಸುಲಿಯುತ್ತ ತನ್ನ ತೋಟದ ಲೆಕ್ಕ ಹೇಳುತ್ತಿದ್ದಳು: ಹಳ್ಳದ ಬದಿಯ ಮರಗಳ ಕಾಯಿ ಎಷ್ಟು ದಪ್ಪ, ಯಾವ ತಾಕಿಗೆ ಕೊಳೆರೋಗ ಬೇಗ ಹತ್ತುತ್ತಿತ್ತು, ದೇವರ ಕಟ್ಟೆಯ ಹತ್ತಿರದ ಮಾವಿನ ಮರದಲ್ಲಿ ಯಾವ ಹಕ್ಕಿ. ನೀರೊಳಗಿನ ಊರಿನ ನಕ್ಷೆ ಪೂರ್ತಿ ನಮ್ಮ ತಲೆಗೆ ಬಂದದ್ದು ಹಾಗೆ. ಅವಳ ಹದಿಹರೆಯದ ಮಗ ಮಾತ್ರ ಆ ಚಳಿಗಾಲ ಒಂದು ಮಾತೂ ಆಡಲಿಲ್ಲ. ಎಲ್ಲರಿಗಿಂತ ಹೆಚ್ಚು ಸುಲಿದವನು ಅವನೇ.

ಕೈಗೆ ಕೆಲಸ, ಕಣ್ಣಿಗೆ ಬಿಡುವು, ನಿದ್ದೆ ತಡೆಯಬೇಕಾದ ಗರಜು. ಮಾತು ತಾನಾಗಿ ಹುಟ್ಟುತ್ತಿತ್ತು. ಊಟ ಮುಗಿಸಿ ಎಂಟಕ್ಕೆ ಕೂತರೆ ಮೊದಲ ಒಂದು ತಾಸು ಚಿಕ್ಕವರದು: ಒಗಟು, ಮಗ್ಗಿ, ಅಡಗೂಲಜ್ಜಿ ಕಥೆ. ಒಬ್ಬೊಬ್ಬರಾಗಿ ಕಂಬಳಿಯೊಳಗೆ ಉರುಳಿ ಸಿಪ್ಪೆಯ ರಾಶಿಯ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದರು. ಆಮೇಲೆ ಹದಿಹರೆಯದವರ ಹೊತ್ತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಬಂದ ಮೇಲೆ ಕಂಬದ ಮೊಳೆಗೆ ಟ್ರಾನ್ಸಿಸ್ಟರ್ ನೇತುಬಿತ್ತು. ಯಕ್ಷಗಾನ ಬಂದ ರಾತ್ರಿ ಕತ್ತಿಗಳ ಸದ್ದು ತಾಳಕ್ಕೆ ಕೂಡುತ್ತಿತ್ತು. ಮೇಳಗಳು ತಿರುಗಾಟಕ್ಕೆ ಹೊರಡುವುದೂ ಇದೇ ಕಾಲ. ಆಟ ನೋಡಲು ಗದ್ದೆಬಯಲಿಗೆ ಹೋಗಬೇಕಾದರೆ ಹುಡುಗರು ಹಿಂದಿನ ರಾತ್ರಿಯೇ ಎರಡರಷ್ಟು ಸುಲಿದಿಡಬೇಕೆಂದು ದೊಡ್ಡಪ್ಪನ ಕರಾರು.

ಹನ್ನೊಂದರ ನಂತರ ಹೆಂಗಸರ ಮಾತು ಬೇರೆ ಕಡೆ ಹೊರಳುತ್ತಿತ್ತು. ಯಾರ ಮಗಳು ತವರಿಗೆ ಬಂದು ಹಿಂದಿರುಗಲಿಲ್ಲ, ಯಾವ ಮನೆಯ ಹಿಸ್ಸೆಯಲ್ಲಿ ಯಾರಿಗೆ ಅನ್ಯಾಯವಾಯಿತು, ದಲಾಲಿಯ ಹತ್ತಿರ ಮುಂಗಡ ತಂದವರ ಗತಿ ಏನಾಯಿತು. ಶಿರಸಿಯಲ್ಲಿ 1923ರಲ್ಲೇ ತೋಟಗಾರ್ಸ್ ಸೊಸೈಟಿ ಹುಟ್ಟಿತ್ತು, ಶಿವಮೊಗ್ಗದಲ್ಲಿ 1939ರಲ್ಲಿ ಮಾಮ್‌ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘ. ಅಡಿಕೆ ಅಲ್ಲಿಗೆ ಹೋಗಲು ಶುರುವಾದ ಮೇಲೆ ಮುಂಗಡದ ಉರುಳು ಸಡಿಲಾಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಬಾಲ್ಯವಿವಾಹವಾಗಿ ಬಂದು, ಗಂಡ ಸತ್ತ ಮೇಲೆ ತಲೆ ಬೋಳಿಸಿಕೊಂಡು ಕೆಂಪು ಸೀರೆಯಲ್ಲಿ ಐವತ್ತು ವರ್ಷ ಕಳೆದ ದೊಡ್ಡಜ್ಜಿಯ ಕಥೆಯನ್ನು ನಾನು ಕೇಳಿದ್ದು ಅಲ್ಲೇ, ಅವಳ ಬಾಯಿಂದಲೇ. ಹಗಲಿನಲ್ಲಿ, ಮುಖಕ್ಕೆ ಮುಖ ಕೊಟ್ಟು, ಯಾವ ಮನೆಯ ಹಿರಿಯಳೂ ಹದಿನಾಲ್ಕರ ಹುಡುಗಿಗೆ ಅಂಥದ್ದನ್ನು ಹೇಳುತ್ತಿರಲಿಲ್ಲ. ನಾವು ತಲೆಬಗ್ಗಿಸಿ ಕಾಯಿ ಸೀಳುತ್ತಿದ್ದೆವು, ಅವರು ತಲೆಬಗ್ಗಿಸಿ ಹೇಳುತ್ತಿದ್ದರು. ಬದುಕಿನ ಬಗ್ಗೆ ನಮಗೆ ಸಿಕ್ಕ ಶಿಕ್ಷಣ ಅದು, ಮತ್ತು ಒಳ್ಳೆಯ ಶಿಕ್ಷಣ.

ನಮ್ಮ ಮನೆಯಲ್ಲಿ ಮುಟ್ಟಾದ ಹುಡುಗಿ ಆ ಮೂರು ದಿನ ಜಗಲಿ ಹತ್ತುವಂತಿರಲಿಲ್ಲ. ಅಂಗಳದ ಚಪ್ಪರದಡಿ, ಕೂಲಿಗೆ ಬಂದ ದೀವರ ಹೆಂಗಸರ ಪಂಕ್ತಿಯ ತುದಿಯಲ್ಲಿ ಅವಳ ಮೆಟ್ಟುಗತ್ತಿ. ನನ್ನನ್ನು ಹಾಗೆ ಕೆಳಗಿಳಿಸಿದ್ದು ತಪ್ಪು ಎಂದು ನಾನು ಎಂದಿಗೂ ಹೇಳುತ್ತೇನೆ. ಆದರೆ ಅಲ್ಲಿ ಕೇಳಿದ್ದನ್ನು ಮೇಲೆ ಕೇಳಲು ಸಾಧ್ಯವಿರಲಿಲ್ಲ. ಅವರ ಮಕ್ಕಳೂ ಅಲ್ಲೇ ಇದ್ದರು, ನಮ್ಮ ವಯಸ್ಸಿನವರೇ. ನಮ್ಮದು ಮನೆಗೆಲಸ, ಅವರದು ಹೊಟ್ಟೆಪಾಡು. ನಮಗೆ ನಿದ್ದೆ ಬಂದರೆ ಎದ್ದು ಹೋಗಬಹುದಿತ್ತು. ತಾಯಿಯ ಡಬ್ಬ ತುಂಬದೆ ಆ ಹುಡುಗಿಯರು ಏಳುವಂತಿರಲಿಲ್ಲ. ಚಹಾ ಅವರಿಗೆ ಬೇರೆ ಲೋಟದಲ್ಲಿ, ಬೇರೆ ಸಾಲಿನಲ್ಲಿ. ಪುಷ್ಯದಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಗೈರು ಬೀಳುತ್ತಿತ್ತು ಎಂದು ನೋಡಿದರೆ ಅಡಿಕೆಯ ಅರ್ಧ ಚರಿತ್ರೆ ಅಲ್ಲಿಯೇ ಸಿಗುತ್ತದೆ.

ಆ ಸಾಲಿನಲ್ಲಿ ಕಾಗೋಡಿನ ಮಾತು ಬರುತ್ತಿತ್ತು. ಸಾಗರದ ಹತ್ತಿರದ ಆ ಹಳ್ಳಿಯಲ್ಲಿ 1951ರಲ್ಲಿ ಗೇಣಿದಾರರು ಎದ್ದುನಿಂತದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸುಲಿಯುತ್ತಿದ್ದ ಒಬ್ಬ ಅಜ್ಜಿ ಆ ಸತ್ಯಾಗ್ರಹದಲ್ಲಿ ಗದ್ದೆಗಿಳಿದವಳು. ಅವಳು ಕೊಳಗದ ಸುದ್ದಿ ಹೇಳುತ್ತ ಹೇಳುತ್ತ ತನ್ನ ಮುಂದಿನ ಸೀಮೆಎಣ್ಣೆ ಡಬ್ಬವನ್ನು ಮೊಣಕೈಯಿಂದ ತಟ್ಟಿ ತೋರಿಸಿದ್ದಳು. ಸುಲಿತದ ಕೂಲಿ ಡಬ್ಬದ ಲೆಕ್ಕ. ಡಬ್ಬ ಅಂಚಿನವರೆಗೋ, ಗೋಪುರವೋ? ಕುಲುಕಿ ತುಂಬಬೇಕೋ, ಹಾಗೇ ಸಾಕೋ? ಮನೆಮನೆಗೆ ಬೇರೆ ರೂಢಿ. ನಮ್ಮ ಮನೆಯಲ್ಲಿ ಗೋಪುರ. ನಾನು ಅದನ್ನು ಅಪ್ಪನಿಗೆ ಹೇಳಿ ಅಂಚಿಗೆ ಇಳಿಸಲು ಕೇಳಿಕೊಂಡೆ. ಅವನು ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ತಾನೇ ಕೋಲು ಹಿಡಿದು ಡಬ್ಬದ ಬಾಯಿ ಸವರಿದ. 1974ರ ಭೂಸುಧಾರಣೆಯ ಮೇಲೆ ಆ ಸಾಲಿನ ಹಲವು ಮನೆಗಳಿಗೆ ಗದ್ದೆ ಬಂತು. ನಿಧಾನವಾಗಿ ಅವರದೇ ಅಡಿಕೆ ಸಸಿಗಳೂ ಎದ್ದವು. ಆಮೇಲೆ ಮುಯ್ಯಾಳಿನ ಲೆಕ್ಕದಲ್ಲಿ ಅವರ ಅಡಿಕೆ ಸುಲಿಯಲು ನಮ್ಮ ಮನೆಯಿಂದಲೂ ಹೋದೆವು, ನಾನೂ ನನ್ನಕ್ಕನೂ. ನನ್ನ ಊರಿನ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಚಳಿಗಾಲ ಅದು.

ಸುಲಿತದ ಸಿಪ್ಪೆ ಬಚ್ಚಲ ಒಲೆಗೆ. ಬೆಳಗಿನ ಐದಕ್ಕೆ ಆ ಒಲೆಯ ಬಾಯಿಗೆ ಮಕ್ಕಳೆಲ್ಲ ಮುತ್ತುತ್ತಿದ್ದರು. ಕೆಂಡದಲ್ಲಿ ಗೆಣಸು, ಕೈಯಲ್ಲಿ ಬೆಲ್ಲ ಹಾಕಿದ ಕಷಾಯ, ಹಿಂದೆ ಬೆನ್ನು ಕೊರೆಯುವ ಚಳಿ, ಮುಂದೆ ಮುಖ ಸುಡುವ ಬಿಸಿ. ಎಸ್ಸೆಸ್ಸೆಲ್ಸಿಯ ವರ್ಷದವರಿಗೆ ಅದೇ ಓದುವ ಕೋಣೆ. ಅರೆವಾರ್ಷಿಕ ಮುಗಿದು ವಾರ್ಷಿಕ ಪರೀಕ್ಷೆ ಬರುವ ನಡುವಿನ ತಿಂಗಳುಗಳೇ ಕೊಯ್ಲಿನ ತಿಂಗಳುಗಳು. ಮಲೆನಾಡಿನ ಒಂದು ತಲೆಮಾರು ರೇಖಾಗಣಿತ ಕಲಿತದ್ದು ಬಚ್ಚಲ ಒಲೆಯ ಬೆಳಕಿನಲ್ಲಿ. ಪರೀಕ್ಷೆಯ ವರ್ಷದ ಹುಡುಗನಿಗೆ ಸುಲಿತದಿಂದ ವಿನಾಯಿತಿ ಇತ್ತು, ಹುಡುಗಿಗೆ ಇರಲಿಲ್ಲ. ಅಮ್ಮ ಅದನ್ನು ನನ್ನ ತಂಗಿಯ ಕಾಲಕ್ಕೆ ಮುರಿದಳು. ಅವಳ ಪಾಲಿನ ಡಬ್ಬವನ್ನು ತಾನೇ ತುಂಬಿ, ಯಾರಿಗೂ ಹೇಳಲಿಲ್ಲ.

ಅಕಾಲ ಮಳೆಯ ರಾತ್ರಿಗಳನ್ನು ಹೇಳದೆ ಮುಂದೆ ಹೋಗಲಾರೆ. ಬೆಂದ ಅಡಿಕೆ ತಟ್ಟಿಯ ಮೇಲೆ ವಾರದಷ್ಟು ಬಿಸಿಲು ಬೇಡುತ್ತದೆ. ಕಾರ್ತಿಕ, ಮಾರ್ಗಶಿರದಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೋಡ. ಮೊದಲ ಹನಿ ಸೋಗೆಯ ಮೇಲೆ ಬಿದ್ದ ಸದ್ದಿಗೆ ಇಡೀ ಮನೆ ಎದ್ದು ಓಡುತ್ತಿತ್ತು. ಆಗ ವಯಸ್ಸಿನ ಕ್ರಮ, ಹೆಣ್ಣು ಗಂಡು, ಮಡಿ ಮೈಲಿಗೆ ಯಾವುದೂ ಇಲ್ಲ. ನಿದ್ದೆಗಣ್ಣಿನ ಆರರ ಹುಡುಗನ ಕೈಗೂ ಒಂದು ಮೊರ. ಒದ್ದೆಯಾದ ಅಡಿಕೆಗೆ ಬೂಷ್ಟು, ಬೂಷ್ಟಿಗೆ ಅರ್ಧ ಬೆಲೆ. ಹಾಗೆ ತಂದದ್ದನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೇರಿಸಿ ಹೊಗೆ ಕೊಡುತ್ತಿದ್ದರು. ಮನೆಯ ಸಾಲ ಎಷ್ಟಿದೆ ಎಂಬುದು ಮಕ್ಕಳಿಗೆ ತಿಳಿಯುತ್ತಿದ್ದದ್ದು ಅಂಥ ರಾತ್ರಿ ಅಪ್ಪನ ಮುಖ ನೋಡಿ.

ನನ್ನ ಮಕ್ಕಳು ಸುಲಿದದ್ದು 1990ರ ದಶಕದಲ್ಲಿ, ಕರೆಂಟಿನ ಬೆಳಕಿನಲ್ಲಿ. ಮಗನಿಗೆ ಟೇಪ್‌ರೆಕಾರ್ಡರ್ ಬೇಕು, ಅದರಲ್ಲಿ ಕಾಳಿಂಗ ನಾವಡರ ಭಾಗವತಿಕೆ ಬೇಕು. ನಾವಡರು 1990ರಲ್ಲೇ ತೀರಿಕೊಂಡಿದ್ದರು, ಆ ಕಂಠ ಕ್ಯಾಸೆಟ್ಟಿನಲ್ಲಿ ನಮ್ಮ ಜಗಲಿಗಳಲ್ಲಿ ಉಳಿದಿತ್ತು. ಮಗಳು ಹದಿನೇಳರ ವಯಸ್ಸಿಗೆ ಕತ್ತಿ ನಿಲ್ಲಿಸಿ ಕೇಳಿದಳು, ಇದು ಕೊನೆಗೆ ಹೋಗುವುದೆಲ್ಲಿಗೆ, ಗುಟ್ಕಾಕ್ಕೇ ತಾನೆ ಎಂದು. ಜಗಲಿಯಲ್ಲಿ ಯಾರೂ ಉತ್ತರಿಸಲಿಲ್ಲ. ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರದಿ ಪ್ರಕಟಿಸಿದಾಗ ಅವಳು ಊರಿನಲ್ಲಿರಲಿಲ್ಲ. ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ, ಬಿಡಲೂ ಬಾರದು. ಅದನ್ನು ಕೇಳುವ ಧೈರ್ಯ ಅವಳಿಗೆ ಬಂದದ್ದೂ ಆ ಜಗಲಿಯಲ್ಲೇ ಎಂಬುದು ನನಗೆ ಸಮಾಧಾನ.

ಆ ರಾತ್ರಿಗಳು ಮುಗಿದದ್ದು ಬೇಗ. ಮಕ್ಕಳು ಎಂಟನೆಯ ತರಗತಿಗೇ ಹಾಸ್ಟೆಲ್ಲು, ಬಾಡಿಗೆ ಕೋಣೆ ಎಂದು ಪೇಟೆ ಸೇರತೊಡಗಿದರು. ಸುಲಿಯಲು ಜನ ಸಿಗದಾಯಿತು. 2000ದ ನಂತರದ ವರ್ಷಗಳಲ್ಲಿ ತೀರ್ಥಹಳ್ಳಿ, ಶಿವಮೊಗ್ಗ, ಶಿರಸಿಯ ಸುತ್ತಿನ ಕುಶಲಕರ್ಮಿಗಳು ಸುಲಿಯುವ ಯಂತ್ರಗಳನ್ನು ಕಟ್ಟಿ, ತಿದ್ದಿ, ಮತ್ತೆ ಕಟ್ಟಿ ನಿಲ್ಲಿಸಿದರು. ಹತ್ತು ಕೈಗಳ ರಾತ್ರಿಯ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯಿತು. ನಾನು ಯಂತ್ರವನ್ನು ಬೈಯುವವಳಲ್ಲ. ಹೆಬ್ಬೆರಳಿನ ಗಾಯ, ಸೊಂಟನೋವು, ಶಾಲೆ ತಪ್ಪಿದ ಆ ಹುಡುಗಿಯರು ನನಗೆ ಗೊತ್ತು. ಮಕ್ಕಳಿಲ್ಲದ ಮನೆಗಳು ಫಸಲನ್ನು ಖೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟವು, ಕಾಯಿ ಮರದಿಂದ ಇಳಿದು ನೇರ ಖೇಣಿದಾರನ ಶೆಡ್ಡಿಗೆ ಹೋಯಿತು. ಆದರೆ ಆ ಮಾತಿನ ಹೊತ್ತಿಗೆ ಬದಲಿಯಾಗಿ ನಾವು ಮನೆಗಳಲ್ಲಿ ಏನನ್ನೂ ಕಟ್ಟಲಿಲ್ಲ. ರಜೆಗೆ ಬಂದ ಮೊಮ್ಮಕ್ಕಳು ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿರುತ್ತಾರೆ. ಅವರಿಗೆ ಕಥೆ ಹೇಳಲು ನಾನು ಕರೆಯಬೇಕು, ಅವರು ಬಂದು ಎದುರು ಕೂರಬೇಕು. ಎದುರು ಕೂರಿಸಿಕೊಂಡು ದೊಡ್ಡಜ್ಜಿಯ ಕಥೆ ಹೇಳಲು ನನಗೆ ಬರುವುದಿಲ್ಲ.

ಬೆಟ್ಟೆಗೆ ಈಗಲೂ ಕೈಸುಲಿತವನ್ನೇ ಕೇಳುವವರಿದ್ದಾರೆ. ಎಳೆಯ ಕಾಯಿಗೆ ಯಂತ್ರದ ಹಲ್ಲು ತಾಗಿದರೆ ಗಾಯ. ಹೊಸನಗರದ ಕಡೆ ನೆಂಟರ ಮನೆಗೆ ಹೋದಾಗ ಅಂಥದೊಂದು ಶೆಡ್ಡಿನಲ್ಲಿ ರಾತ್ರಿ ಕೂತೆ. ಟ್ಯೂಬ್‌ಲೈಟಿನ ಕೆಳಗೆ ಇಪ್ಪತ್ತು ಹೆಂಗಸರು, ಮೂಲೆಯಲ್ಲಿ ಕಂಬಳಿಯೊಳಗೆ ಚಿಕ್ಕ ಮಕ್ಕಳು, ಪಿಯುಸಿ ಓದುವ ಒಬ್ಬ ಹುಡುಗಿ ತಾಯಿಯ ಪಕ್ಕದಲ್ಲಿ. ನನಗೂ ಒಂದು ಮೆಟ್ಟುಗತ್ತಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಹುಡುಗಿ ಕೇಳಿದಳು, ‘ನಿಮ್ಮ ಮನೇಲಿ ಆವಾಗ ಸುಲಿದವರಿಗೆ ಎಷ್ಟು ಕೊಡ್ತಿದ್ರಿ?’ ನಾನು ಹುಡುಗಿಯಾಗಿದ್ದಾಗ ಡಬ್ಬಕ್ಕೆ ಒಂದು ರೂಪಾಯಿಗೂ ಕಡಿಮೆ ಎಂದೆ. ಗೋಪುರದ ವಿಷಯವನ್ನೂ, ಅಪ್ಪ ಕೋಲಿನಿಂದ ಸವರಿದ್ದನ್ನೂ ಹೇಳಿದೆ. ಅವಳ ತಾಯಿ ತನ್ನ ಅಜ್ಜಿ ಹೇಳುತ್ತಿದ್ದ ಇನ್ನೊಂದು ಮನೆಯ ಡಬ್ಬದ ಕಥೆ ತೆಗೆದಳು. ಅದಕ್ಕೆ ಆಚೆ ಸಾಲಿನಿಂದ ಮತ್ತೊಬ್ಬರು ಮತ್ತೊಂದು ಸೇರಿಸಿದರು. ಈಗ ಕೂಲಿ ಕಿಲೋ ಲೆಕ್ಕ. ಹನ್ನೆರಡೂವರೆಗೆ ಎಲ್ಲರೂ ಎದ್ದಾಗ ಆ ಹುಡುಗಿ ಎಲೆಕ್ಟ್ರಾನಿಕ್ ತಕ್ಕಡಿಯ ಮುಂದೆ ನಿಂತು ಪ್ರತಿಯೊಬ್ಬರ ತೂಕವನ್ನೂ ಗಟ್ಟಿಯಾಗಿ ಓದಿದಳು, ತನ್ನ ನೋಟ್‌ಬುಕ್ಕಿನಲ್ಲೂ ಬರೆದುಕೊಂಡಳು. ನನ್ನದನ್ನೂ ಓದಿ, ನಿಮ್ಮ ಹೆಸರು ಏನಂತ ಬರೆಯಲಿ ಎಂದು ಕೇಳಿದಳು.